2047 ಹಾಕಿ ನೋಡು, ಪುಟ್ಟಿ

ಮಂಡ್ಯ
ಭಾನುವಾರ ರಾತ್ರಿ

ಪುಟ್ಟೀ,

ಬೆಳಿಗ್ಗೆ ನೀನು ತಿಂಡಿನೂ ಮುಟ್ಟದೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿದೆ. 2147483647 ಅವಿಭಾಜ್ಯವೇ ಅಂತ ನೋಡೋ ನಿನ್ನ ಪ್ರೋಗ್ರಾಮಿನಲ್ಲಿ ಓವರ್‌ಫ್ಲೋ ಆಗಿದೆ, ಅಂದರೆ ಸಂಖ್ಯೆ ಇಟ್ಟ ಜಾಗ ಮೀರಿದೆ ಅಂತ ಚಿಕ್ಕಪ್ಪನ ಎದುರಿಗೆ ನಾನು ಅಂದದ್ದು ತಪ್ಪು. 2147483647ಕ್ಕಿಂತ ಚಿಕ್ಕ ಎರಡು ಸಂಖ್ಯೆ ಗುಣಿಸಿದರೆ 62 ಬಿಟ್ ದಾಟೋದಿಲ್ಲ, ನೀನು 64 ಬಿಟ್ ಜಾಗ ಇಟ್ಟಿದ್ದೆ. ಸರಿಯಾಗಿ ನೋಡದೆ ಬಾಯಿಬಿಟ್ಟೆ.

ಆದರೂ ನಿನ್ನ ಪ್ರೋಗ್ರಾಮನ್ನು ಒಪ್ಪಲಾರೆ ಕಣವ್ವ. 2147483647, ಅಂದರೆ 2³¹−1, ಅವಿಭಾಜ್ಯ ಅನ್ನೋದು ನಿಜ. 1772ರಲ್ಲೇ ಗಣಿತಜ್ಞ ಆಯ್ಲರ್ ತೋರಿಸಿದ. ಅದನ್ನು ಭಾಗಿಸುವ ಅವಿಭಾಜ್ಯ ಯಾವುದಿದ್ದರೂ 248ರಿಂದ ಭಾಗಿಸಿದಾಗ ಶೇಷ 1 ಇಲ್ಲವೇ 63 ಬರಬೇಕು, ಅಂಥವನ್ನು ಮಾತ್ರ 46340ರವರೆಗೆ ನೋಡಿದರೆ ಸಾಕು. ನೀನು ಮಾಡಿದ್ದು ಬೇರೆ. ಫರ್ಮಾ ಪರೀಕ್ಷೆಗೆ ಆಧಾರ 2 ಹಾಕಿದೆ. ಅಂದರೆ ಸಂಖ್ಯೆಗಿಂತ ಒಂದು ಕಡಿಮೆ ಘಾತಕ್ಕೆ 2ನ್ನು ಏರಿಸಿ, ಅದೇ ಸಂಖ್ಯೆಯಿಂದ ಭಾಗಿಸಿ, ಶೇಷ 1 ಬಂದರೆ ಅವಿಭಾಜ್ಯ ಅಂದುಬಿಟ್ಟೆ.

ಅದಕ್ಕೇ 2047 ಕೊಟ್ಟು ನೋಡು. 2047 ಅಂದರೆ 2¹¹−1, ಅಂದರೆ 23 × 89. ನಿನ್ನ ಪ್ರೋಗ್ರಾಮ್ ಅದನ್ನೂ ಅವಿಭಾಜ್ಯ ಅನ್ನುತ್ತೆ. 2¹¹ನ್ನು 2047ರಿಂದ ಭಾಗಿಸಿದರೆ ಶೇಷ 1. ನೀನು ಲೆಕ್ಕ ಹಾಕೋದು 2²⁰⁴⁶, ಆ 2046 ಆಗೋದು 11 × 186. ಒಂದನ್ನು 186 ಸಲ ಗುಣಿಸಿದರೆ ಒಂದಲ್ಲದೆ ಇನ್ನೇನು ಬರುತ್ತೆ? ನಿನ್ನ ದೊಡ್ಡ ಸಂಖ್ಯೆಯಲ್ಲೂ ಅಷ್ಟೇ, 2147483646 = 31 × 69273666. 2ರ ಘಾತದಿಂದ 1 ಕಳೆದರೆ ಬರೋದು ಮರ್ಸೆನ್ ಸಂಖ್ಯೆ; ಘಾತ ಅವಿಭಾಜ್ಯವಾಗಿರುವ ಅಂಥ ಸಂಖ್ಯೆ ಯಾವುದೇ ಬಂದರೂ ಆಧಾರ 2ರಲ್ಲಿ ಪಾಸು. ಆಧಾರ 3 ಹಾಕಿದ್ದರೆ 2047ಕ್ಕೆ ಶೇಷ 1013 ಬಂದು ಸಿಕ್ಕಿಬೀಳ್ತಿತ್ತು. ಹಾಗಂತ 3ರಲ್ಲಿ ಪಾಸಾದದ್ದೆಲ್ಲ ಅವಿಭಾಜ್ಯ ಅಂದುಕೊಳ್ಳಬೇಡ. 'ಅಲ್ಲ' ಅಂತ ಬರಲೇಬೇಕಾದ ಸಂಖ್ಯೆಯನ್ನು ಮೊದಲು ಕೊಟ್ಟು ನೋಡಬೇಕು ಅಂತ ಎಷ್ಟು ಸಲ... ನೋಡು, ಮತ್ತೆ ಪಾಠ ಶುರು ಮಾಡಿದೆ.

ವರ್ಗ ಮಾಡುತ್ತಾ ಹೋಗಿ ಅಷ್ಟು ದೊಡ್ಡ ಘಾತವನ್ನು 31 ಸುತ್ತಿನಲ್ಲಿ ಮುಗಿಸಿದ್ದೀಯಲ್ಲ, ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಚಿಕ್ಕಪ್ಪನಿಗೆ ಆಮೇಲೆ ಅದನ್ನೇ ಹೇಳಿದೆ. ನಿನ್ನ ಎದುರಿಗೇ ಹೇಳಬೇಕಿತ್ತು.

ಮರ್ಸೆನ್ ಸಂಖ್ಯೆಗಳಿಗೆಂದೇ ಇರೋ ಲೂಕಾ-ಲೆಹ್ಮರ್ ಪರೀಕ್ಷೆ ಬರಿ. 4ರಿಂದ ಶುರು, ವರ್ಗ ಮಾಡು, 2 ಕಳೆ, ಪರೀಕ್ಷಿಸೋ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೋ. ಶೇಷವನ್ನು ಪ್ರತಿ ಸಲವೂ ತೆಗಿ, ಇಲ್ಲದಿದ್ದರೆ ಅಂಕಿಗಳು ಸುತ್ತಿಗೊಮ್ಮೆ ಇಮ್ಮಡಿಯಾಗುತ್ತವೆ. 127ಕ್ಕೆ, ಅಂದರೆ 2⁷−1ಕ್ಕೆ, 4, 14, 67, 42, 111, 0. ಸೊನ್ನೆ ಬಂದರೆ ಅವಿಭಾಜ್ಯ. ಸುತ್ತು ಘಾತಕ್ಕಿಂತ ಎರಡು ಕಡಿಮೆ: ಘಾತ 7ಕ್ಕೆ 5 ಸುತ್ತು, 31ಕ್ಕೆ 29. ಒಂದು ಸುತ್ತು ಹೆಚ್ಚಾದರೆ ಸೊನ್ನೆ ಹೋಗಿ −2 ಆಗುತ್ತೆ, ನಿಜವಾದ ಅವಿಭಾಜ್ಯವೇ ಫೇಲು. ಎಲ್ಲರೂ ಎಡವೋದು ಇಲ್ಲೇ.

2047ನ್ನೇ ಮೊದಲು ಹಾಕು. ಒಂಬತ್ತನೇ ಸುತ್ತಿಗೆ 1736 ಬರಬೇಕು. ಫೋನ್ ಮಾಡೋ ಮನಸ್ಸಿಲ್ಲದಿದ್ದರೆ ಬೇಡ, ಬಂದ ಸಂಖ್ಯೆ ಒಂದನ್ನೇ ಮೆಸೇಜ್ ಮಾಡು.

ಅಪ್ಪ