ಎಚ್ಚರಿಕೆ ಇಲ್ಲದ ದಿನವೂ ರಾಗಿ ನೆನೆಯುತ್ತದೆ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯಲ್ಲಿ ಸೋಮವಾರ ಬರುವ ವಾರದ ಹವಾಮಾನದ ಬಗ್ಗೆ ಈ ಪತ್ರ. ನಮ್ಮ ಕಡೆ ಅದನ್ನು ತಪ್ಪದೆ ಓದುತ್ತಾರೆ, ಈಗಂತೂ ಇನ್ನೂ ಜಾಸ್ತಿ. ನವೆಂಬರ್ ಅರ್ಧ ದಾಟಿ, ವಿಶಾಖಾ ಮಳೆ ಮುಗಿದು ಅನುರಾಧಾ ಹಿಡಿಯುವ ಹೊತ್ತು. ರಾಗಿ ತೆನೆ ಬಲಿತು ನಿಂತಿದೆ. ಈಗಲೇ ಕೊಯ್ಯೋಣವಾ, ಇನ್ನೊಂದು ವಾರ ಬಿಡೋಣವಾ ಅನ್ನುವುದೇ ಎಲ್ಲ ಮನೆಯ ಮಾತು. ಇಂಥ ಹೊತ್ತಲ್ಲಿ "ದಕ್ಷಿಣ ಒಳನಾಡಿನ ಕೆಲವೆಡೆ ಹಗುರದಿಂದ ಸಾಧಾರಣ ಮಳೆ, ಎಚ್ಚರಿಕೆ ಇಲ್ಲ" ಅಂತ ಒಂದೇ ಸಾಲು ಬಂದರೆ ಅದನ್ನು ಇಟ್ಟುಕೊಂಡು ಏನು ತೀರ್ಮಾನ ಮಾಡುವುದು ಹೇಳಿ?

ಮೊದಲನೆಯದಾಗಿ, ಆ ದಕ್ಷಿಣ ಒಳನಾಡು ಚಿಕ್ಕ ಜಾಗ ಅಲ್ಲ. ಹವಾಮಾನ ಇಲಾಖೆಯ ವಿಂಗಡಣೆಯಲ್ಲಿ ಕೋಲಾರವೂ ಅದರಲ್ಲೇ, ಚಿತ್ರದುರ್ಗವೂ ಅದರಲ್ಲೇ, ಕೊಡಗೂ ಅದರಲ್ಲೇ. ನವೆಂಬರ್‌ನಲ್ಲಿ ಕೋಲಾರದಲ್ಲಿ ದಿನವಿಡೀ ಜಡಿ ಹಿಡಿದಿರುವಾಗ ಚಿತ್ರದುರ್ಗದ ಹಿರಿಯೂರಿನಲ್ಲಿ ಬಿಸಿಲು ಇರಬಹುದು. ಜಿಲ್ಲಾವಾರು ಮುನ್ಸೂಚನೆಯನ್ನು ಇಲಾಖೆ ದಿನಾ ಕೊಡುತ್ತದೆ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದ್ದಾರೆ. ಅವರ 'ವರುಣ ಮಿತ್ರ' ಸಹಾಯವಾಣಿಗೆ ಫೋನ್ ಮಾಡಿದರೆ ನಮ್ಮ ಹೋಬಳಿಯ ಮಾಹಿತಿ ಸಿಗುತ್ತದೆ. ಇಷ್ಟೆಲ್ಲ ಇದ್ದೂ ಪತ್ರಿಕೆಗೆ ಬರುವಾಗ ಎಲ್ಲ ಸೇರಿ ಒಂದು ಸಾಲು ಯಾಕಾಗಬೇಕು?

ಎರಡನೆಯದೇ ನನಗೆ ಮುಖ್ಯ. ಇಲಾಖೆ ಮಳೆಗೆ ಹಳದಿ ಎಚ್ಚರಿಕೆ ಕೊಡುವುದು ಸಾಮಾನ್ಯವಾಗಿ ಭಾರಿ ಮಳೆ ಆಗುವಂತಿದ್ದರೆ, ಅಂದರೆ 24 ಗಂಟೆಯಲ್ಲಿ 64.5 ಮಿಲಿಮೀಟರ್ ಮುಟ್ಟುವಂತಿದ್ದರೆ. ಕಿತ್ತಳೆ, ಕೆಂಪು ಅದಕ್ಕೂ ಮೇಲೆ. ಈ ಲೆಕ್ಕ ರಸ್ತೆಗೆ, ಹಳ್ಳಕ್ಕೆ, ತಗ್ಗಿನ ಮನೆಗಳಿಗೆ ಸರಿ, ಅದು ಬೇಕೇ ಬೇಕು. ಆದರೆ ಕೊಯ್ದು ಹರವಿದ ರಾಗಿ ಹಾಳಾಗಲು ಅಷ್ಟು ಮಳೆ ಬೇಕಾ? ಕೊಯ್ದ ಮೇಲೆ ಮೂರ್ನಾಲ್ಕು ದಿನ ಹೊಲದಲ್ಲೇ ಒಣಗಿಸಿ, ಆಮೇಲೆ ಕಂತೆ ಕಟ್ಟಿ, ಸಾಗಿಸಿ, ಮೆದೆ ಹಾಕುತ್ತೇವೆ. ಆ ಮೂರ್ನಾಲ್ಕು ದಿನದಲ್ಲಿ ಹತ್ತು ಹದಿನೈದು ಮಿಲಿಮೀಟರ್ ಬಿದ್ದು, ಮಾರನೇ ದಿನವೂ ಮೋಡ ಬಿಡದೆ ನಿಂತರೆ ಸಾಕು. ತೆನೆ ಮೊಳಕೆ ಬರುತ್ತದೆ, ಕಾಳು ಕಪ್ಪಾಗುತ್ತದೆ, ಹುಲ್ಲು ಕೊಳೆತು ದನ ಮೂಸುವುದೂ ಇಲ್ಲ. 2025-26ಕ್ಕೆ ರಾಗಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ ಇತ್ತು. ಕಪ್ಪು ಕಾಳು ತಗೊಂಡು ಹೋದರೆ ಖರೀದಿ ಕೇಂದ್ರದಲ್ಲಿ ಚೀಲ ಇಳಿಸಲೂ ಬಿಡುವುದಿಲ್ಲ. ಹಾಗಾಗಿ ಎಚ್ಚರಿಕೆ ಇಲ್ಲ ಅಂತ ಓದಿದವರು ಮಳೆಯೇ ಇಲ್ಲ ಅಂದುಕೊಂಡು ಕುಡುಗೋಲು ಹಿಡಿದರೆ ಅದು ಅವರ ತಪ್ಪಲ್ಲ. ನಮಗೆ ಬೇಕಾಗಿರುವುದು ಬಣ್ಣ ಅಲ್ಲ, ಸತತವಾಗಿ ಎಷ್ಟು ದಿನ ಒಣ ಹವೆ ಸಿಗುತ್ತದೆ ಅನ್ನುವುದು. ಆಳು ಹೇಳುವುದು, ಮುಯ್ಯಾಳು (ಒಬ್ಬರ ಹೊಲಕ್ಕೆ ಇನ್ನೊಬ್ಬರು ಸರದಿಯಂತೆ ಬಂದು ದುಡಿಯುವವರು) ಕೂಡಿಸುವುದು, ಕೊಯ್ಯುವ ಮಷಿನ್‌ಗೆ ಪಾಳಿ ಹಚ್ಚುವುದು ಎಲ್ಲ ಅದರ ಮೇಲೇ ನಿಂತಿದೆ.

ಈ ತಿಂಗಳ ಮಳೆ ಜೂನ್-ಜುಲೈ ಮಳೆ ಥರ ಅಲ್ಲ. ಹಿಂಗಾರಿನಲ್ಲಿ ಬಹುಪಾಲು ಆಟ ಬಂಗಾಳ ಕೊಲ್ಲಿಯದು. ಅಲ್ಲಿ ವಾಯುಭಾರ ಕುಸಿದು ಅದು ತಮಿಳುನಾಡಿನ ಕಡೆ ಬಂದರೆ ನಮಗೆ ಎರಡು ಮೂರು ದಿನ ಜಡಿಮಳೆ. ಅದೇ ಉತ್ತರಕ್ಕೆ ತಿರುಗಿ ಆಂಧ್ರದ ಮೇಲ್ಭಾಗಕ್ಕೋ ಒಡಿಶಾಕ್ಕೋ ಹೋದರೆ ಸಾಮಾನ್ಯವಾಗಿ ನಮ್ಮಲ್ಲಿ ಒಣ ಗಾಳಿ ಬೀಸಿ ಚಳಿ ಶುರುವಾಗುತ್ತದೆ. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಹತ್ತಿತು, ಆಮೇಲೆ ಅದರ ಮಳೆ ಕೋಲಾರದಿಂದ ಕೊಡಗು, ಕರಾವಳಿವರೆಗೂ ಬಂತು. 2021ರ ನವೆಂಬರ್ ಅನ್ನು ಯಾರೂ ಮರೆತಿಲ್ಲ. ಯಲಹಂಕದ ಅಪಾರ್ಟ್‌ಮೆಂಟ್‌ಗೆ ನೀರು ನುಗ್ಗಿದ್ದನ್ನು ಟಿವಿಯವರು ದಿನವಿಡೀ ತೋರಿಸಿದರು, ಅದೇ ದಿನಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ರಾಗಿ ಹೊಲದಲ್ಲೇ ಮೊಳೆಯಿತು. ಕುಸಿತ ಎತ್ತ ಹೋಗುತ್ತದೆ ಅನ್ನುವುದು ವಾರದ ಮೊದಲೇ ಖಚಿತವಾಗಿ ಗೊತ್ತಾಗುವುದಿಲ್ಲ, ಅದು ನಮಗೂ ಅರ್ಥವಾಗುತ್ತದೆ. ಮೊದಲ ಮೂರು ದಿನದ ಮಾತು ಗಟ್ಟಿ, ಐದರ ನಂತರದ್ದು ಸಡಿಲ. ಅದನ್ನೇ ಹಾಗೇ ಬರೆಯಿರಿ. "ಗುರುವಾರದವರೆಗೆ ಒಣ ಹವೆ, ಶುಕ್ರವಾರದಿಂದ ಮೋಡ, ಶನಿವಾರದ ಮಳೆ ಕೊಲ್ಲಿಯ ಕುಸಿತ ಹಿಡಿಯುವ ದಾರಿಯ ಮೇಲಿದೆ, ಬುಧವಾರ ಮತ್ತೆ ನೋಡಿ" ಅಂತ ಬರೆದರೆ ಯಾರೂ ಬೈಯುವುದಿಲ್ಲ. ಬದಲಿಗೆ ಬುಧವಾರ ಪತ್ರಿಕೆಗೆ ಕಾಯುತ್ತಾರೆ.

ರಾಗಿಯವನು ರಾಗಿ ಮಾತಾಡಿದೆ. ಕಾಫಿಯವರಿಗೂ ಇದೇ ಗೋಳು, ಅರೇಬಿಕಾ ಹಣ್ಣು ಕೊಯ್ಯುವ ಕಾಲ, ಮಳೆ ಬಂದರೆ ಹಣ್ಣು ಒಡೆದು ಉದುರುತ್ತದೆ, ಕೊಯ್ದದ್ದು ಕಣದಲ್ಲಿ ಒಣಗುವುದಿಲ್ಲ. ಅಡಿಕೆ ಸುಲಿದು ಹರವಿದವರದ್ದೂ ಅದೇ ಕಥೆ. ಕಲಬುರಗಿ ಕಡೆ ತೊಗರಿ ಬೆಳೆದವರಿಗೆ ಮಳೆ ಬರದೆ ಬರೀ ಮೋಡ ಕವಿದರೂ ಕಾಯಿಕೊರಕದ ಚಿಂತೆ. ಅಲ್ಲಿಗೆ "ಒಣ ಹವೆ" ಅಂತಷ್ಟೇ ಬರೆದರೆ ಸಾಲದು, ಮೋಡ ಇದೆಯಾ, ಬೆಳಗಿನ ಜಾವದ ಚಳಿ ಎಷ್ಟು ಅಂತಲೂ ಬೇಕು.

ಇನ್ನೊಂದು ವಿಷಯ, ಇದಕ್ಕೆ ನಾಲ್ಕೇ ಸಾಲು ಜಾಗ ಸಾಕು. ಬೆಳೆ ವಿಮೆಯ ಫಸಲ್ ಬಿಮಾ ಯೋಜನೆಯಲ್ಲಿ ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ಬೆಳೆಗೂ 14 ದಿನದವರೆಗೆ ಅಕಾಲಿಕ ಮಳೆಯಿಂದಾದ ನಷ್ಟಕ್ಕೆ ರಕ್ಷಣೆ ಇದೆ, ಆದರೆ ನಷ್ಟವಾದ 72 ಗಂಟೆಯೊಳಗೆ ತಿಳಿಸಬೇಕು. ಪ್ರೀಮಿಯಂ ಕಟ್ಟಿದ ಎಷ್ಟೋ ಜನರಿಗೆ ಈ 72 ಗಂಟೆಯ ವಿಷಯ ಗೊತ್ತಿಲ್ಲ. ಮಳೆ ಬರುವ ವಾರದ ಮುನ್ಸೂಚನೆ ಕೆಳಗೆ ಇದನ್ನೂ ಹಾಕಿ ದಯವಿಟ್ಟು.

ಕೊನೆಗೆ ದಿನದ ವಿಷಯ. ಜಿಲ್ಲೆಗಳ ಕೃಷಿ ಹವಾಮಾನ ಸಲಹೆ ಹೊರಡುವುದು ಮಂಗಳವಾರ ಮತ್ತು ಶುಕ್ರವಾರ, ಅದೂ ಮುಂದಿನ ಐದು ದಿನಕ್ಕೆ. ನೀವು ಸೋಮವಾರ ಹಾಕುವ ಹೊತ್ತಿಗೆ ಶುಕ್ರವಾರದ್ದು ಅರ್ಧ ಮುಗಿದಿರುತ್ತದೆ. ಈ ಸಲಹೆ ಸಿಗುವ 'ಮೇಘದೂತ್' ಆ್ಯಪ್‌ನಲ್ಲಿ ನೋಡಿಕೊಳ್ಳಿ ಅನ್ನಬಹುದು, ಹುಡುಗರು ನೋಡುತ್ತಾರೆ. ಆದರೆ ಕೊಯ್ಲು ಯಾವತ್ತು ಅಂತ ತೀರ್ಮಾನ ಮಾಡುವ ಹಿರಿಯರು ನಮ್ಮೂರಲ್ಲಿ ಇವತ್ತಿಗೂ ಬೆಳಿಗ್ಗೆ ಹಾಲಿನ ಡೇರಿ ಹತ್ತಿರ ಪತ್ರಿಕೆ ಬಿಡಿಸಿಯೇ ಮಾತಾಡುವುದು. ಸೋಮವಾರದ ಬದಲು ಬುಧವಾರ ಮತ್ತು ಶನಿವಾರ ಹಾಕಿ. ಡಿಸೆಂಬರ್ ಮುಗಿಯುವವರೆಗಾದರೂ, ಜಿಲ್ಲೆಗೆ ಎರಡು ಸಾಲಿನಂತೆ.

– ರಾಗಿ ಬೆಳೆಗಾರ, ತುರುವೇಕೆರೆ ತಾಲ್ಲೂಕು