ಬೆರಳು ಯಾವುದೆಂದು ಹೇಳದ ಸಂಕೇತ

ಮಾನ್ಯರೇ,

ಮೂವತ್ತು ವರ್ಷಗಳಿಂದ ಹೊಲಿಗೆ ಕೆಲಸ ಮಾಡುತ್ತಿರುವ, ಮಧುಮೇಹವೂ ಇರುವ ನನ್ನ ಪತ್ನಿಯ ಬಲಗೈ ಉಂಗುರ ಬೆರಳು ಕಳೆದ ವರ್ಷ ಬೆಳಗ್ಗೆ ಏಳುವಾಗ ಮಡಚಿಕೊಂಡೇ ಇರುತ್ತಿತ್ತು. ಇನ್ನೊಂದು ಕೈಯಿಂದ ಹಿಡಿದು ಬಿಡಿಸಿದರೆ ‘ಟಕ್’ ಎಂದು ನೆಟ್ಟಗಾಗುತ್ತಿತ್ತು. ವೈದ್ಯರು ಇದನ್ನು ಟ್ರಿಗರ್ ಫಿಂಗರ್ ಎಂದರು. ಬೆರಳನ್ನು ಮಡಚುವ ಸ್ನಾಯುರಜ್ಜು, ಬೆರಳಿನ ಬುಡದಲ್ಲಿ ಅಂಗೈ ಕಡೆಗಿರುವ ಬಿಗಿಯಾದ ಪಟ್ಟಿಯೊಳಗೆ ಸರಾಗವಾಗಿ ಜಾರದೆ ಸಿಕ್ಕಿಕೊಳ್ಳುವುದೇ ಈ ತೊಂದರೆ. ಮಧುಮೇಹಿಗಳಲ್ಲಿ ಇದು ಹೆಚ್ಚು. ಒಂದಕ್ಕಿಂತ ಹೆಚ್ಚು ಬೆರಳುಗಳಿಗೆ ಬರುವುದೂ ಉಂಟು. ಪಟ್ಟಿಯನ್ನು ಸೀಳಿ ಸಡಿಲಿಸಿದರು, ವಿಮೆಯ ಹಣವೂ ಬಂತು.

ಐದು ತಿಂಗಳ ಬಳಿಕ ಎಡಗೈ ಹೆಬ್ಬೆರಳಿಗೂ ಅದೇ ಆಯಿತು. ಈ ಸಲ ವಿಮಾ ಕಂಪನಿಯು ಇದೇ ಚಿಕಿತ್ಸೆಗೆ ಈಗಾಗಲೇ ಹಣ ಪಾವತಿಯಾಗಿದೆಯೆಂದು ಕ್ಲೇಮನ್ನು ತಡೆಹಿಡಿಯಿತು. ಆಸ್ಪತ್ರೆ ತುಂಬಿಕೊಟ್ಟಿದ್ದ ಎರಡೂ ಅರ್ಜಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ರೋಗದ ಸಂಕೇತ ಎರಡರಲ್ಲೂ ಎಂ65.3, ಅದರ ಮುಂದಿನ ವಿವರಣೆ ಎರಡರಲ್ಲೂ ‘ಟ್ರಿಗರ್ ಫಿಂಗರ್’, ಅಷ್ಟೇ.

ಸಂಕೇತವೇನೂ ತಪ್ಪಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಎಂಬ ರೋಗಸಂಕೇತಗಳ ಪಟ್ಟಿಯಲ್ಲಿ ಹತ್ತೂ ಬೆರಳಿಗೆ ಸೇರಿ ಇರುವುದು ಇದೊಂದೇ. ಅಮೆರಿಕವು 2015ರ ಅಕ್ಟೋಬರ್ 1ರಿಂದ ಬಳಸುತ್ತಿರುವ ತನ್ನದೇ ಆವೃತ್ತಿಯಲ್ಲಿ ಬಲಗೈ ಉಂಗುರ ಬೆರಳಿಗೆ ಎಂ65.341, ಎಡಗೈ ಹೆಬ್ಬೆರಳಿಗೆ ಎಂ65.312 ಎಂದು ಬೇರೆ ಬೇರೆ ಸಂಕೇತಗಳಿವೆ. ಅಷ್ಟುದ್ದದ ಸಂಖ್ಯೆಗಳು ನಮಗೂ ಬೇಕೆಂದು ನಾನು ಹೇಳುತ್ತಿಲ್ಲ. ಇರುವ ನಾಲ್ಕಕ್ಷರದ ಸಂಕೇತವನ್ನೇ ನಾವು ಹೇಗೆ ಬಳಸುತ್ತೇವೆಂಬುದನ್ನು ಕಣ್ಣಾರೆ ಕಂಡಿದ್ದೇನೆ. ತಿದ್ದುಪಡಿ ಕೇಳಲು ಹೋದಾಗ ವಿಮಾ ಕೌಂಟರಿನ ಸಿಬ್ಬಂದಿ, ‘ಹೆಬ್ಬೆರಳಿಗೆ ಎಂ65.4 ಹಾಕಿಬಿಡೋಣ ಸರ್, ನಂಬರ್ ಬೇರೆಯಾದರೆ ಸಾಕಲ್ಲ’ ಎಂದರು. ಎಂ65.4 ಎಂದರೆ ಮಣಿಕಟ್ಟಿನಲ್ಲಿ, ಹೆಬ್ಬೆರಳ ಬದಿಯಲ್ಲಿ ಕಾಣಿಸಿಕೊಳ್ಳುವ ಡಿ ಕರ್ವೇನ್ ಎಂಬ ಬೇರೆಯೇ ಕಾಯಿಲೆ. ನಾವು ಒಪ್ಪಿದ್ದರೆ ಪತ್ನಿಯ ದಾಖಲೆಯಲ್ಲಿ ಇಲ್ಲದ ಕಾಯಿಲೆಯೊಂದು ಸೇರಿಬಿಡುತ್ತಿತ್ತು. ಕೊನೆಗೆ ಶಸ್ತ್ರವೈದ್ಯರು ಕೈ ಮತ್ತು ಬೆರಳನ್ನು ಹೆಸರಿಸಿ ಬರೆದುಕೊಟ್ಟ ಎರಡು ಸಾಲಿನ ಪತ್ರದಿಂದ, ಎರಡು ತಿಂಗಳು ತಡವಾಗಿ, ಹಣ ಬಂತು.

ಆ ಎರಡು ಸಾಲು ಮೊದಲೇ ಡಿಸ್ಚಾರ್ಜ್ ಸಮ್ಮರಿಯಲ್ಲೂ ಅರ್ಜಿಯ ವಿವರಣೆಯ ಜಾಗದಲ್ಲೂ ಇರಬೇಕಿತ್ತು. ಕೈಬೆರಳಿನ ಚಿಕಿತ್ಸೆಗಳಲ್ಲಿ ಎಡವೋ ಬಲವೋ, ಯಾವ ಬೆರಳು ಎಂಬುದನ್ನು ಅಕ್ಷರಗಳಲ್ಲಿ ಬರೆಯುವುದನ್ನು ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು ಕಡ್ಡಾಯಗೊಳಿಸಬೇಕು. ಸಂಕೇತ ಒಂದೇ ಎಂಬ ಕಾರಣಕ್ಕೆ ಕ್ಲೇಮು ತಡೆಯುವ ಮುನ್ನ ವಿಮಾ ಕಂಪನಿಗಳು ಚಿಕಿತ್ಸೆ ನೀಡಿದ ವೈದ್ಯರನ್ನು ಒಮ್ಮೆ ಕೇಳಬೇಕು.

– ಓರ್ವ ಓದುಗ, ತುಮಕೂರು