ಮಗಳಿಗೊಂದು ಪತ್ರ: ಬಾಯಿ ಭದ್ರ

ಮಂಡ್ಯ

ಪುಟ್ಟಿ,

ಭಾನುವಾರದ ಜಗಳ ಮತ್ತೆ ಎತ್ತುವುದಿಲ್ಲ. ಊಟ ಬಿಟ್ಟು ಬಸ್ ಹತ್ತಿದೆಯಲ್ಲ, ಅದೊಂದು ಸಂಕಟವಾಯಿತು. ಸೋಮವಾರದಿಂದ ಮೈಸೂರಿನ ವೀಕ್ಷಣಾಲಯದ, ಅಂದರೆ ಕೇಸಿನಲ್ಲಿ ಸಿಕ್ಕ ಮಕ್ಕಳನ್ನಿಡುವ ಜಾಗದ, ಹುಡುಗರಿಗೆ ಕೆಲಸದ ದಾರಿ ತೋರಿಸಲು ಹೋಗುತ್ತೀಯ. ಫೋನಿನಲ್ಲಾದರೆ ಮತ್ತೆ ಜಗಳವೇ, ಅದಕ್ಕೇ ಬರೆಯುತ್ತಿದ್ದೇನೆ.

ಆ ಹುಡುಗರ ಭಯ ನನಗಿಲ್ಲ. ಫಿಟ್ಟರ್ ಹುಡುಗರ ಮಧ್ಯೆಯೇ ತಲೆ ನರೆತವಳು ನಾನು. ಭಯ ಇರುವುದು ನಿನ್ನ ಬಾಯಿಯದ್ದು. ಒಳ್ಳೆಯ ಕೆಲಸ ಮಾಡಿದರೆ ನಾಲ್ಕು ಜನಕ್ಕೆ ಹೇಳದೆ ನಿನಗೆ ಅನ್ನ ಇಳಿಯುವುದಿಲ್ಲ.

ಹಿಂದೆ ನಾನಿದ್ದ ಐಟಿಐಗೆ ಅಂಥದ್ದೇ ಜಾಗದಲ್ಲಿದ್ದ ಹುಡುಗನೊಬ್ಬ ಸೇರಿದ್ದ. ಅರದಿಂದ ಲೋಹ ಉಜ್ಜಿ ಮಟ್ಟ ಮಾಡುವ ಫೈಲಿಂಗ್ ಎಂದರೆ ಅವನದ್ದು. ಮೂಲೆ ಅಳೆಯುವ ಟ್ರೈ ಸ್ಕ್ವೇರ್ ಇಟ್ಟು ನೋಡಿದರೆ ಬೆಳಕು ತೂರುತ್ತಿರಲಿಲ್ಲ. ಅವನು ಎಲ್ಲಿಂದ ಬಂದವನೆಂದು ಆಫೀಸಿನಲ್ಲಿ ಯಾರೋ ಬಾಯಿಬಿಟ್ಟರು. ಒಂದು ದಿನ ಅಳತೆಯ ಸಾಧನ ವರ್ನಿಯರ್ ಕಾಣಲಿಲ್ಲ. ಯಾರೂ ಅವನ ಹೆಸರೆತ್ತಲಿಲ್ಲ. ಸುಮ್ನೆ ಅವನ ಕಡೆ ತಿರುಗಿದರು. ಅವನೇ ಬ್ಯಾಗನ್ನು ಬೆಂಚಿನ ಮೇಲೆ ಸುರಿದ. ಡಬ್ಬಿಯ ಮುಚ್ಚಳ ತೆರೆದು ಚಿತ್ರಾನ್ನವೆಲ್ಲ ಚೆಲ್ಲಿತು. ಬನಿಯನ್ ವೇಸ್ಟ್ ತಗೊಂಡು ಅದನ್ನು ಒರೆಸಿದವನೂ ಅವನೇ. ಸಂಜೆ ವರ್ನಿಯರ್ ಸ್ಟೋರಿನ ಡ್ರಾಯರಿನಲ್ಲೇ ಸಿಕ್ಕಿತು. ಹುಡುಗ ಮತ್ತೆ ಬರಲಿಲ್ಲ. ಅವನ ಜಾಬ್, ಅವನು ಉಜ್ಜುತ್ತಿದ್ದ ಲೋಹದ ತುಂಡು, ಇನ್ನೂ ಬೆಂಚಿನ ವೈಸ್‌ನ ಹಿಡಿತದಲ್ಲೇ ಕಚ್ಚಿಕೊಂಡಿತ್ತು. ಎಂಥಾ ಕೈ ಕಣೇ ಅದು!

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಈ ಮಕ್ಕಳ ಗುರುತು ಬಯಲು ಮಾಡುವಂತಿಲ್ಲ. ಬಾಲನ್ಯಾಯ ಮಂಡಳಿಯಲ್ಲಿ ಇತ್ಯರ್ಥವಾದ ಪ್ರಕರಣ ಮುಂದೆ ಕೆಲಸಕ್ಕೆ ಅಡ್ಡ ಬರಬಾರದು, ಶಿಕ್ಷೆಯ ದಾಖಲೆಯನ್ನೂ ನಾಶ ಮಾಡಬೇಕು. 16 ತುಂಬಿ, ಘೋರ ಅಪರಾಧಕ್ಕೆ ಮಕ್ಕಳ ನ್ಯಾಯಾಲಯದಲ್ಲಿ ತಪ್ಪಿತಸ್ಥರಾದವರದ್ದು ಮಾತ್ರ ಬೇರೆ. ಆದರೆ ಕಾಗದ ಹೋದರೂ ಜನರ ಬಾಯಿ ಇರುತ್ತದೆ, ಅಲ್ವಾ? ಹೆಬ್ಬಾಳ, ಹೂಟಗಳ್ಳಿ ಕಡೆ ವರ್ಕ್‌ಶಾಪಿನವರು 'ಹುಡುಗ ಎಲ್ಲಿದ್ದ, ಏನು ಕಥೆ' ಎಂದು ಕೇಳೇ ಕೇಳುತ್ತಾರೆ. ಏನು ಕೆಲಸ ಕಲಿತಿದ್ದಾನೆ ಎನ್ನುವುದನ್ನಷ್ಟೇ ಹೇಳು. ಸ್ಟೇಟಸ್‌ಗೆ ಫೋಟೋ ಹಾಕಬೇಡ. ಬೆನ್ನು ಕಾಣುವ ಫೋಟೋ ಕೂಡ ಬೇಡ.

ಇನ್ನೊಂದು. ಕನಸು ಕೇಳುವ ಮೊದಲು ಟಿಸಿ, ಅಂಕಪಟ್ಟಿ ಹುಡುಕಿಸು. ಎಂಟನೇ ಕ್ಲಾಸ್ ಪಾಸಾಗಿದ್ದರೆ ವೆಲ್ಡರ್ ಇದೆ, 1 ವರ್ಷದ್ದು. ಫಿಟ್ಟರ್‌ಗೆ ಎಸ್ಸೆಸ್ಸೆಲ್ಸಿ ಬೇಕು, 2 ವರ್ಷ. 18 ತುಂಬಿ ಹೊರಬರುವವರಿಗೆ 21ರವರೆಗೆ ಅನುಪಾಲನೆಯ, ಅಂದರೆ ಹೊರಬಂದ ಮೇಲಿನ ಆಸರೆಯ, ನೆರವಿದೆ. ಗೇಟು ದಾಟುವ ಮುಂಚೆಯೇ ಅದನ್ನು ವಿಚಾರಿಸಿಡು. ಭಾಷಣ ಜಾಸ್ತಿಯಾಯಿತೇನೋ.

ಬ್ಯಾಂಕಿನ ಕೆಲಸ ಬಿಟ್ಟೆಯೆಂದು ನಿಮ್ಮಪ್ಪ ಇನ್ನೂ ಮುಖ ಊದಿಸಿಕೊಂಡಿದ್ದಾರೆ. ನಿನ್ನ ನೇಮಕದ ಪತ್ರವನ್ನು ಅತ್ತೆಗೆ ಓದಿ ಹೇಳಿದ್ದೂ ಅವರೇ! ನಾನೂ ಪಕ್ಕದಲ್ಲಿ ಕೂತು ಕೇಳಿಸಿಕೊಂಡೆ.

ಅಲ್ಲಿ ಯಾವ ಕಸುಬು ಕಲಿಸುತ್ತಾರೆ, ಕೇಳಿ ತಿಳಿಸು. ಫಿಟ್ಟಿಂಗ್ ಇದ್ದರೆ ನನ್ನ ಪುಸ್ತಕಗಳನ್ನು ಕಳಿಸುತ್ತೇನೆ. ಬರೀ ಟೈಲರಿಂಗ್ ಆದರೆ ಸುಮ್ನೆ ಭಾರ.

ಅಮ್ಮ